ಭೂಪಟದಿಂದ ಮರೆಯಾದ ಬೆಳ್ಳಾವಿ, ಕಳ್ಳಂಬೆಳ್ಳ, ಹುಲಿಯೂರುದುರ್ಗ

ಬೆಳ್ಳಾವಿ, ಕಳ್ಳಂಬೆಳ್ಳ ಹಾಗೂ ಹುಲಿಯೂರುದುರ್ಗ ತುಮಕೂರು ಜಿಲ್ಲೆಯ ಹಿಂದಿನ ವಿಧಾನಸಭಾ ಕ್ಷೇತ್ರಗಳು. ಕ್ರಮವಾಗಿ ತುಮಕೂರು, ಶಿರಾ ಮತ್ತು ಕುಣಿಗಲ್ ತಾಲ್ಲೂಕುಗಳ ಊರುಗಳ ಹೆಸರು ಹೊತ್ತಿದ್ದ ಈ ಕ್ಷೇತ್ರಗಳಿಗೆ 2004ರ ಸಾರ್ವತ್ರಿಕ ಚುನಾವಣೆಯೇ ಕೊನೆಯದಾಯಿತು.

ಕಾರಣ: 2002ರ ಕಾಯ್ದೆಯಂತೆ ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅಧ್ಯಕ್ಷತೆಯಲ್ಲಿ ರಚನೆಯಾದ ಕ್ಷೇತ್ರ ಪುನರ್ವಿಂಗಡಣಾ ಆಯೋಗವು 2001ರ ಜನಗಣತಿಯನ್ನು ಆಧಾರವಾಗಿ ಇಟ್ಟುಕೊಂಡಿತು. ರಾಜ್ಯದ ಒಟ್ಟು ಸ್ಥಾನಗಳು 224ರಲ್ಲೇ ಉಳಿದವು. ಜನಸಂಖ್ಯೆ ಹೆಚ್ಚಿದ ಬೆಂಗಳೂರು ನಗರ ಜಿಲ್ಲೆಗೆ 28 ಸ್ಥಾನಗಳು ದೊರೆತಾಗ, ಇತರ ಜಿಲ್ಲೆಗಳ ಪಾಲು ಕುಗ್ಗುವುದು ಅನಿವಾರ್ಯವಾಯಿತು. ತುಮಕೂರು ಜಿಲ್ಲೆಯ 13 ಕ್ಷೇತ್ರಗಳು 11ಕ್ಕೆ ಇಳಿದವು.

ಬದಲಾವಣೆ: ಮೂರು ಕ್ಷೇತ್ರಗಳು ರದ್ದಾಗಿ, ತುಮಕೂರು ಗ್ರಾಮಾಂತರ ಎಂಬ ಒಂದು ಕ್ಷೇತ್ರ ಹೊಸದಾಗಿ ಉದಯಿಸಿತು, ಹಳೆಯ ತುಮಕೂರು ಕ್ಷೇತ್ರವು ತುಮಕೂರು ನಗರವಾಯಿತು. ಹುಲಿಯೂರುದುರ್ಗ ಕುಣಿಗಲ್‌ನಲ್ಲಿ ವಿಲೀನಗೊಂಡಿತು. ಗುಬ್ಬಿ ತಾಲ್ಲೂಕಿನ ಸಿ.ಎಸ್.ಪುರ ಹೋಬಳಿ ತುರುವೇಕೆರೆ ಕ್ಷೇತ್ರಕ್ಕೆ ಸೇರಿತು. ಹೊಸ ಗಡಿಗಳಂತೆ ದೇಶದಲ್ಲೇ ಮೊದಲು ಮತದಾನ ನಡೆದದ್ದು 2008ರ ಮೇ ತಿಂಗಳಲ್ಲಿ, ಕರ್ನಾಟಕದಲ್ಲಿ. ಅಂದು ತುಮಕೂರು ಗ್ರಾಮಾಂತರದಲ್ಲಿ ಬಿಜೆಪಿಯ ಬಿ.ಸುರೇಶ್‌ಗೌಡ, ಕುಣಿಗಲ್‌ನಲ್ಲಿ ಕಾಂಗ್ರೆಸ್‌ನ ಬಿ.ಬಿ.ರಾಮಸ್ವಾಮಿಗೌಡ ಆಯ್ಕೆಯಾದರು.

ಪರಿಣಾಮ: ತನ್ನ ನೆಲದ ಎರಡು ಊರುಗಳ ಹೆಸರಿನಲ್ಲಿ ಶಾಸಕರನ್ನು ಕಳುಹಿಸುತ್ತಿದ್ದ ಕುಣಿಗಲ್ ತಾಲ್ಲೂಕಿಗೆ ಈಗ ಒಬ್ಬರೇ ಶಾಸಕರು. ಲೋಕಸಭೆಗೆ ಈ ತಾಲ್ಲೂಕು ಬೆಂಗಳೂರು ಗ್ರಾಮಾಂತರ ಕ್ಷೇತ್ರದಲ್ಲಿ ಮತ ಹಾಕುತ್ತದೆ. ಹೀಗಾಗಿ ಇಲ್ಲಿನ ಜನರಿಗೆ ಜಿಲ್ಲಾಧಿಕಾರಿ ಕಚೇರಿ ಇರುವುದು ತುಮಕೂರಿನಲ್ಲಿ. ಸಂಸದರು ಮಾತ್ರ ಬೇರೊಂದು ಕ್ಷೇತ್ರದವರು.