ಮರಳಿ ಬಂದ ದನಿ



ನವೆಂಬರ್ 22, ಸಂಗೀತಗಾರರ ಪಾಲಕಿ ಸಂತ ಸಿಸಿಲಿಯಳ ಹಬ್ಬ. ಅದರ ಸಿದ್ಧತೆಯಲ್ಲಿ, ಮೂಡಿಗೆರೆ ಕಡೆಯ ನಮ್ಮ ಧರ್ಮಕೇಂದ್ರದ ಗಾಯನವೃಂದಕ್ಕಾಗಿ ನಾವು 1999ರ ಕ್ರಿಸ್ತಜಯಂತಿ ಹಾಡುಗಳ ಕಡತವನ್ನು ಕಂಪ್ಯೂಟರಿನಲ್ಲಿ ತೆರೆದೆವು. ಕೀಬೋರ್ಡ್ ನುಡಿಯಿತು, ಹಾಡಿದವರ ದನಿ ಮಾತ್ರ ಇಲ್ಲ! ಅವರಲ್ಲಿ ಕೆಲವರು ಇಂದು ನಮ್ಮೊಂದಿಗಿಲ್ಲ.

ಹೀಗೇಕೆ? 1983ರಲ್ಲಿ ಬಂದ ಮಿಡಿ ಪದ್ಧತಿ ದನಿಯನ್ನು ಹಿಡಿದಿಡುವುದಿಲ್ಲ; ಯಾವ ಸ್ವರ, ಎಷ್ಟು ಹೊತ್ತು, ಎಷ್ಟು ಜೋರು ಎಂದಷ್ಟೇ ಬರೆದಿಡುತ್ತದೆ. 1987ರ ಕೇಕ್‌ವಾಕ್ ತಂತ್ರಾಂಶವೂ ಮೊದಲು ಮಿಡಿಗಾಗಿಯೇ ಇತ್ತು. 1990ರ ದಶಕದಲ್ಲಿ ಅದಕ್ಕೆ ಧ್ವನಿಮುದ್ರಣ ಸೇರಿತಾದರೂ, ದನಿ ಉಳಿಯುತ್ತಿದ್ದುದು ಬೇರೊಂದು ಫೋಲ್ಡರಿನ ವೇವ್ ಕಡತಗಳಲ್ಲಿ. ಹಾಡಿನ ಕಡತದಲ್ಲಿದ್ದುದು ಅವುಗಳ ವಿಳಾಸವಷ್ಟೇ. ಅದೊಂದನ್ನೇ ನಕಲು ಮಾಡಿದ್ದ ನಾವು ವಿಳಾಸ ತಂದೆವು, ಮನೆ ಬಿಟ್ಟೆವು!

ಹಳೆಯ ಹಾರ್ಡ್ ಡಿಸ್ಕ್ ಅಟ್ಟದಲ್ಲಿ ಸಿಕ್ಕಿತು; ದನಿಯ ಕಡತಗಳನ್ನು ಯಾರೋ ಅಳಿಸಿದ್ದರು. ಆದರೆ ಅಳಿಸಿದ್ದು, ಅದರ ಜಾಗದಲ್ಲಿ ಬೇರೊಂದನ್ನು ಬರೆಯುವವರೆಗೆ ಡಿಸ್ಕಿನಲ್ಲಿ ಉಳಿದಿರುತ್ತದೆ. 1991ರಲ್ಲಿ ರೂಪುಗೊಂಡ ವೇವ್ ಕಡತ 'ಆರ್‌ಐಎಫ್‌ಎಫ್' ಎಂಬ ನಾಲ್ಕು ಅಕ್ಷರಗಳಿಂದ ಆರಂಭವಾಗುತ್ತದೆ. ಬಲ್ಲ ಯುವಕರೊಬ್ಬರು ಆ ಗುರುತನ್ನೇ ಹಿಡಿದು ಡಿಸ್ಕ್ ಜಾಲಾಡಿದರು. ಮೂರು ಹಾಡು ಮರಳಿದವು. ಕೇಳಿದ ಮನೆಯವರ ಕಣ್ಣು ತುಂಬಿತು.

ನಮ್ಮ ಮಲೆನಾಡಿನ ತೇವ ಯಂತ್ರಗಳನ್ನು ಕಾಯದು. ನಿಮ್ಮ ಹಾಡುಗಳನ್ನು ಪೂರ್ಣ ವೇವ್ ಕಡತಗಳಾಗಿಸಿ, ಹಾಡಿದವರ ಹೆಸರು, ವರ್ಷ ಬರೆದು, ಎರಡು ಕಡೆ ಕಾಪಾಡಿ. ಮಕ್ಕಳು ಹಿರಿಯರ ದನಿ ಕೇಳಿ ಬೆಳೆಯಲಿ.