ಹಿರಿಯ ಚಾಲಕರು ಮತ್ತು ಎಚ್ಚರಿಕೆ ಸಾಧನಗಳು

ವಾಹನ ಓಡಿಸುವಾಗ ಎದುರಾಗುವ ಅಪಾಯವನ್ನು ಸದ್ದು, ಬೆಳಕು ಅಥವಾ ಕಂಪನದ ಮೂಲಕ ಮುಂಚಿತವಾಗಿ ತಿಳಿಸುವ ಉಪಕರಣಗಳೇ ಎಚ್ಚರಿಕೆ ಸಾಧನಗಳು. ಇವುಗಳ ನೆರವು ಎಲ್ಲರಿಗಿಂತ ಹೆಚ್ಚಾಗಿ ಬೇಕಿರುವುದು ವಯಸ್ಸಾದವರಿಗೆ. ಅರವತ್ತರ ಹೊತ್ತಿಗೆ ಕಣ್ಣಿನ ಒಳಪರದೆಯನ್ನು ಮುಟ್ಟುವ ಬೆಳಕು ಇಪ್ಪತ್ತರ ಪ್ರಾಯದಲ್ಲಿದ್ದುದರ ಸುಮಾರು ಮೂರನೆಯ ಒಂದು ಪಾಲಿಗೆ ಇಳಿದಿರುತ್ತದೆ. ಎದುರಿನಿಂದ ಹೆಡ್‌ಲೈಟ್ ಹೊಡೆದರೆ ದೃಷ್ಟಿ ಮರಳಲು ಹೆಚ್ಚು ಹೊತ್ತು ಹಿಡಿಯುತ್ತದೆ. ಕಿವಿ ಮೊದಲು ಕಳೆದುಕೊಳ್ಳುವುದು ಕೀಚಲು ದನಿಗಳನ್ನು. ಕಾರಿನ ಎಚ್ಚರಿಕೆಯ ಸದ್ದು ಬಹುತೇಕ ಅಂಥದ್ದೇ.

1992ರಲ್ಲಿ ಜಪಾನಿನ ಮಿತ್ಸುಬಿಷಿ ಕಂಪನಿ ಮುಂದಿನ ವಾಹನ ಹತ್ತಿರವಾದರೆ ತಿಳಿಸುವ ಲೇಸರ್ ಸಾಧನವನ್ನು ಡೆಬೊನೇರ್ ಕಾರಿಗೆ ಅಳವಡಿಸಿತು. 2000ದಲ್ಲಿ ಯೂರೋಪಿನ ಲಾರಿಗಳಿಗೆ ಪಥ ತಪ್ಪಿದಾಗ ಎಚ್ಚರಿಸುವ ಸಾಧನ ಬಂತು. ಜಪಾನ್ ವಯಸ್ಸನ್ನೇ ಮುಂದಿಟ್ಟುಕೊಂಡೂ ಕಾನೂನು ಮಾಡಿತು. 1997ರಲ್ಲಿ ಹಿರಿಯ ಚಾಲಕರ ಕಾರಿಗೆ ಅಂಟಿಸುವ ಗುರುತು ತಂದಿತು. 2019ರಲ್ಲಿ ಟೋಕಿಯೊದ ಇಕೆಬುಕುರೊದಲ್ಲಿ 87ರ ವೃದ್ಧರೊಬ್ಬರ ಕಾರು ತಾಯಿ ಮಗುವನ್ನು ಬಲಿ ತೆಗೆದುಕೊಂಡಿತು. ಇಂಥ ಅವಘಡಗಳ ಬಳಿಕ, 2022ರಿಂದ ತಾನಾಗಿ ಬ್ರೇಕ್ ಹಾಕುವಂಥ ಕಾರುಗಳಿಗಷ್ಟೇ ಸೀಮಿತವಾದ ಲೈಸೆನ್ಸ್ ಅಲ್ಲಿ ದೊರೆಯುತ್ತಿದೆ.

ಭಾರತದಲ್ಲಿ 2019ರ ಜುಲೈ 1ರಿಂದ ಹೊಸ ಕಾರುಗಳಿಗೆ ಸೀಟ್ ಬೆಲ್ಟ್ ನೆನಪಿಸುವ ಸದ್ದು, ಹಿಂದಕ್ಕೆ ತೆಗೆಯುವಾಗಿನ ಸೆನ್ಸರ್ ಮತ್ತು ವೇಗದ ಎಚ್ಚರಿಕೆ ಕಡ್ಡಾಯವಾದವು. ಗಂಟೆಗೆ 80 ಕಿ.ಮೀ. ದಾಟಿದರೆ ಬೀಪ್ ಕೇಳುತ್ತದೆ. 120 ದಾಟಿದರೆ ಬಿಡದೆ ಹೊಡೆದುಕೊಳ್ಳುತ್ತದೆ. ಅದೇ ವರ್ಷದ ಮೋಟಾರು ವಾಹನ ತಿದ್ದುಪಡಿಯಂತೆ 55 ದಾಟಿದವರ ಲೈಸೆನ್ಸ್ ಐದೈದು ವರ್ಷಕ್ಕೆ ನವೀಕರಣವಾಗಬೇಕು. ಕ್ಯಾಮೆರಾ, ರೇಡಾರ್ ಬಳಸಿ ಎಚ್ಚರಿಸುವ ಕಾರುಗಳು 2020ರ ಎಂಜಿ ಗ್ಲಾಸ್ಟರ್, 2021ರ ಮಹೀಂದ್ರ ಎಕ್ಸ್‌ಯುವಿ 700ರ ಮೂಲಕ ಇಲ್ಲಿ ಹೆಚ್ಚು ಪರಿಚಿತವಾದವು.

ಪಾಂಡವಪುರ ತಾಲ್ಲೂಕಿನ ಚಿನಕುರಳಿಯಂಥ ಊರಿಗೆ ಈ ಇತಿಹಾಸ ಇನ್ನೂ ಅರ್ಧ ದಾರಿಯಲ್ಲಿದೆ. ಇಲ್ಲಿನ ಹಿರಿಯ ರೈತ ಓಡಿಸುವುದು ಟಿವಿಎಸ್ ಎಕ್ಸೆಲ್, ಟ್ರಾಕ್ಟರು, ಎತ್ತಿನಗಾಡಿ. ಅವುಗಳಲ್ಲಿ ಬೀಪ್ ಎನ್ನುವುದೇ ಇಲ್ಲ. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯಪಥಕ್ಕೆ ಅದೇ ವರ್ಷದ ಆಗಸ್ಟ್ 1ರಿಂದ ದ್ವಿಚಕ್ರ ವಾಹನ, ಟ್ರಾಕ್ಟರುಗಳ ಪ್ರವೇಶ ನಿಂತಿತು. ಈ ರೈತರ ಪಾಲಿಗೆ ಉಳಿದದ್ದು ಸರ್ವಿಸ್ ರಸ್ತೆ, ಹಳ್ಳಿ ರಸ್ತೆ, ನಾಲೆ ಏರಿ. ಪಥ ತಪ್ಪಿದ್ದನ್ನು ಹೇಳುವ ಕ್ಯಾಮೆರಾ ರಸ್ತೆಯ ಬಿಳಿಗೆರೆಯನ್ನು ನಂಬಿದೆ. ಗೆರೆಯೇ ಇಲ್ಲದ ದಾರಿಯಲ್ಲಿ ದುಬಾರಿ ಕಾರೂ ಮೂಕವಾಗುತ್ತದೆ.

ರಸ್ತೆಯ ಅಂಚು ಇಲ್ಲಿ ಎಷ್ಟು ಅಪಾಯಕಾರಿ ಎಂಬುದನ್ನು ಇದೇ ತಾಲ್ಲೂಕು ನೋವಿನಿಂದ ಬಲ್ಲದು. 2018ರ ನವೆಂಬರ್ 24ರಂದು ಕನಗನಮರಡಿ ಬಳಿ ಖಾಸಗಿ ಬಸ್ಸು ವಿಶ್ವೇಶ್ವರಯ್ಯ ನಾಲೆಗೆ ಬಿದ್ದು 30 ಜನ ಸತ್ತರು, ಅವರಲ್ಲಿ ಶಾಲಾಮಕ್ಕಳೂ ಇದ್ದರು. 2023ರ ನವೆಂಬರಿನಲ್ಲಿ ಬನಘಟ್ಟದ ಬಳಿ ಕಾರೊಂದು ಅದೇ ನಾಲೆಗೆ ಉರುಳಿ ಐವರನ್ನು ಕಳೆದುಕೊಂಡೆವು. ಇವು ವಯಸ್ಸಿನಿಂದಾದ ದುರಂತಗಳೆಂದು ಹೇಳಲಾಗದು. ಆದರೆ ಹಗಲಿನಲ್ಲೇ ಇಷ್ಟು ನಿಷ್ಕರುಣಿಯಾದ ಅಂಚು, ಮುಸ್ಸಂಜೆಯಲ್ಲಿ ಮಂದಗಣ್ಣಿನವರಿಗೆ ಹೇಗಿರಬಹುದು?

ಹಾಗಾಗಿ ಈ ಸೀಮೆಗೆ ಎಚ್ಚರಿಕೆ ಸಾಧನವೆಂದರೆ ಮೊದಲು ನಾಲೆ ಬದಿಯ ತಡೆಗೋಡೆ, ತಿರುವಿನ ಹೊಳೆಯುವ ಫಲಕ, ಕಬ್ಬಿನ ಟ್ರೇಲರು ಮತ್ತು ಗಾಡಿಯ ಹಿಂದೆ ಕೆಂಪು ರಿಫ್ಲೆಕ್ಟರ್ ಪಟ್ಟಿ. ಮನೆಯಲ್ಲಿ ವಾಹನ ಓಡಿಸುವ ಹಿರಿಯರಿದ್ದರೆ ಕಬ್ಬು ಕಡಿಯುವ ಹಂಗಾಮಿಗೆ ಮೊದಲೇ ಅವರ ಕಣ್ಣಿನ ಪೊರೆ ಪರೀಕ್ಷೆ ಮಾಡಿಸಿ, ಗಾಡಿಗೆ ಆ ಪಟ್ಟಿ ಅಂಟಿಸಿಕೊಡಿ.