ಹೆಚ್ಚು ಪ್ಲೈ ಇರುವ ಟೈರ್ ಹಾಕಿಸಿದರೆ ಪಿಕಪ್‌ಗೆ ಎಷ್ಟು ಬೇಕಾದರೂ ಲೋಡ್ ಹಾಕಬಹುದೇ?

ಸೋಯಾ, ತೊಗರಿ ರಾಶಿಯ ದಿನಗಳಲ್ಲಿ ಔರಾದ್ ತಾಲ್ಲೂಕಿನ ಸಂತಪುರದಿಂದ ಭಾಲ್ಕಿ, ಬೀದರ್ ಕಡೆಗೆ ಪಿಕಪ್‌ಗಳು ಮೂಟೆ ಹೊತ್ತು ಹೊರಡುತ್ತವೆ. ‘ಪ್ಲೈ ಜಾಸ್ತಿ ಇದ್ದರೆ ಎಷ್ಟು ಲೋಡ್ ಆದರೂ ತಡೆಯುತ್ತದೆ’ ಎಂಬ ಮಾತು ನಿಜವೇ? ಪರಿಶೀಲಿಸೋಣ.

ಪ್ಲೈ ಎಂದರೇನು?
ಹಿಂದೆ ಇದು ಟೈರ್‌ನೊಳಗಿನ ಬಟ್ಟೆಯ ಪದರಗಳ ಎಣಿಕೆಯಾಗಿತ್ತು. ಈಗ ‘8 ಪಿಆರ್’ ಎಂದರೆ 8 ಪದರಗಳಿವೆ ಎಂದಲ್ಲ. ಅದು ಬಲದ ದರ್ಜೆ ಮಾತ್ರ.

ಕೊಳ್ಳುವಾಗ ಏನು ನೋಡಬೇಕು?
• ಲೋಡ್ ಸಂಖ್ಯೆ: ಟೈರ್‌ನ ಪಕ್ಕದಲ್ಲಿ ಅಳತೆಯ ನಂತರ ‘112/110’ ಎಂದಿದ್ದರೆ, ಒಂಟಿ ಟೈರ್ 1120 ಕೆ.ಜಿ., ಜೋಡಿಯಾಗಿ ಹಾಕಿದಾಗ ತಲಾ 1060 ಕೆ.ಜಿ. ಹೊರಬಲ್ಲದು. ಈ ಲೆಕ್ಕದಲ್ಲಿ ಮಾಲಿನ ಜೊತೆಗೆ ಗಾಡಿಯ ತೂಕವೂ ಸೇರುತ್ತದೆ.
• ತಯಾರಾದ ದಿನ: ಕೊನೆಯ ನಾಲ್ಕು ಅಂಕಿ ‘2324’ ಎಂದರೆ 2024ರ 23ನೇ ವಾರ.
• ಅಳತೆ: ಗಾಡಿಯ ಕಂಪನಿ ಹೇಳಿದ ಅಳತೆಯನ್ನೇ ಕೇಳಿ. ಲೋಡ್ ಸಂಖ್ಯೆ ಹಳೆಯದಕ್ಕಿಂತ ಕಡಿಮೆ ಇರಬಾರದು.

ಬೇಸಿಗೆಯಲ್ಲಿ ಗಾಳಿ ಇಳಿಸಬೇಕೇ?
ಬೇಡ. ಗಾಳಿ ಕಡಿಮೆಯಾದರೆ ಟೈರ್‌ನ ಪಕ್ಕಗಳು ಹೆಚ್ಚು ಬಾಗಿ, ಒಳಗೆ ಶಾಖ ಏರಿ, ಟೈರ್ ಸಿಡಿಯುವ ಅಪಾಯ ಹೆಚ್ಚುತ್ತದೆ. ಬೆಳಿಗ್ಗೆ ಗಾಡಿ ಹೊರಡುವ ಮೊದಲು, ಟೈರ್ ತಣ್ಣಗಿರುವಾಗ, ಲೋಡಿಗೆ ಕಂಪನಿ ಹೇಳಿದಷ್ಟು ಗಾಳಿ ಹಾಕಿಸಿ.

ನಮ್ಮ ತೀರ್ಮಾನ
ಹೇಳಿಕೆ ತಪ್ಪು. ಟೈರ್ ಗಟ್ಟಿಯಾದ ಮಾತ್ರಕ್ಕೆ ಆಕ್ಸಲ್, ಬ್ರೇಕ್, ಸ್ಪ್ರಿಂಗ್ ಪಟ್ಟಿಗಳ ಶಕ್ತಿ ಹೆಚ್ಚುವುದಿಲ್ಲ. ಆರ್‌ಸಿಯಲ್ಲಿರುವ ಒಟ್ಟು ತೂಕವೇ ಮಿತಿ. ಅದನ್ನು ಮೀರಿದರೆ ಅಪಾಯ ಚಾಲಕರಿಗಷ್ಟೇ ಅಲ್ಲ, ಎದುರು ಬರುವವರಿಗೂ ಇದೆ.